ಕಾರ್ಖಾನೆಗೆ ಆಸ್ತಿ ತೆರಿಗೆ ಬಿಡುವುದಾದರೆ ಯಾವ ರೀತಿ ಬಿಡಬೇಕು?

ಒಂದು ಊರು ಹೇಳುತ್ತದೆ: ಮೂವತ್ತು ವರ್ಷ ನಿಮ್ಮ ಕಾರ್ಖಾನೆಯ ಆಸ್ತಿ ತೆರಿಗೆಯಲ್ಲಿ ಶೇ 43ರಷ್ಟು ಬಿಡುತ್ತೇವೆ. ಇನ್ನೊಂದು ಊರು ಹೇಳುತ್ತದೆ: ಮೊದಲ ವರ್ಷ ಪೂರ್ತಿ ಮಾಫಿ, ಆಮೇಲೆ ವರ್ಷ ವರ್ಷವೂ ಇಳಿಸುತ್ತಾ ಹೋಗಿ ಹತ್ತನೇ ವರ್ಷಕ್ಕೆ ಬರೀ ಶೇ 5. ಕಂಪನಿಯ ಕಣ್ಣಿಗೆ ಇವೆರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಆದರೆ ಮೊದಲನೇ ಊರು ಕಳೆದುಕೊಳ್ಳುವ ಹಣ ಎರಡನೇ ಊರಿನದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. ನಂಬಿಕೆ ಬರಲಿಲ್ಲ ಅಂದರೆ ಲೆಕ್ಕ ಮುಂದೆ ಇದೆ.

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿ ಮನೆ ಮಾಡಿಕೊಂಡು ಕೌಂಟಿಗೆ ಆಸ್ತಿ ತೆರಿಗೆ ಕಟ್ಟುತ್ತಿರುವ ಕನ್ನಡಿಗರಿಗೆ. ಊರಿನ ಕೌನ್ಸಿಲ್ ಸಭೆಯಲ್ಲಿ ಇಂಥ ಅರ್ಜಿ ಬಂದಾಗ ಎದ್ದು ನಿಂತು ಎರಡು ಮಾತು ಕೇಳಬೇಕು ಅನ್ನಿಸಿದರೆ ಏನು ಕೇಳಬೇಕು? ಅದಕ್ಕೆ ಇದು. ಅಲ್ಲಿ ಸಣ್ಣ ಕಾರ್ಖಾನೆ ಹಾಕಲು ಹೊರಟವರಿಗೂ ಉಪಯೋಗ ಆಗಬಹುದು. ಮೇಜಿನ ಆ ಕಡೆ ಕೂತವರು ಏನು ಯೋಚಿಸುತ್ತಾರೆ ಅಂತ ಗೊತ್ತಿದ್ದರೆ ಒಳ್ಳೆಯದೇ ಅಲ್ವಾ.

ಮೊದಲು ಎರಡು ಮೂಲ ವಿಷಯ. ಅಮೆರಿಕದಲ್ಲಿ ಆಸ್ತಿ ತೆರಿಗೆ ಬಹುಪಾಲು ಸ್ಥಳೀಯ ಹಣ. ಕೌಂಟಿ, ನಗರ, ಶಾಲಾ ಜಿಲ್ಲೆ, ಲೈಬ್ರರಿ, ಅಗ್ನಿಶಾಮಕ ದಳ ಎಲ್ಲರೂ ಒಂದೇ ಬಿಲ್ಲಿನಲ್ಲಿ ಪಾಲು ಪಡೆಯುತ್ತಾರೆ. ಬಹಳ ಕಡೆ ದೊಡ್ಡ ಪಾಲು ಶಾಲೆಯದು. ಎರಡನೆಯದು, ವಿನಾಯಿತಿ ಸಾಮಾನ್ಯವಾಗಿ ಸಿಗುವುದು ಹೊಸದಾಗಿ ಕಟ್ಟಿದ್ದಕ್ಕೆ, ಹೊಸದಾಗಿ ತಂದ ಯಂತ್ರಕ್ಕೆ. ಖಾಲಿ ಜಾಗಕ್ಕೆ ಮೊದಲು ಬರುತ್ತಿದ್ದ ತೆರಿಗೆ ಬರುತ್ತಲೇ ಇರುತ್ತದೆ. ಹಾಗಾಗಿ 'ಇದ್ದದ್ದೇನೂ ಹೋಗುವುದಿಲ್ಲ, ಬರಲಿರುವುದರಲ್ಲಿ ಸ್ವಲ್ಪ ಬಿಡುತ್ತಿದ್ದೇವೆ ಅಷ್ಟೇ' ಅಂತ ಅಧಿಕಾರಿಗಳು ಹೇಳುತ್ತಾರೆ. ಮಾತು ನಿಜ. ಆದರೆ ಕಾರ್ಖಾನೆ ಬಂದರೆ ರಸ್ತೆ ಸವೆಯುತ್ತದೆ, ನೀರು ಬೇಕಾಗುತ್ತದೆ, ಕೆಲಸಕ್ಕೆ ಬಂದವರ ಮಕ್ಕಳು ಶಾಲೆಗೆ ಸೇರುತ್ತಾರೆ. ಆ ಖರ್ಚಿಗೆ ಯಾರೂ ಮಾಫಿ ಕೊಡುವುದಿಲ್ಲ.

ಐದು ರಾಜ್ಯ, ಒಂದೇ ಕಾರ್ಖಾನೆ

ಹೋಲಿಸಲು ಒಂದು ಕಲ್ಪನೆಯ ಕಾರ್ಖಾನೆ ಇಟ್ಟುಕೊಳ್ಳೋಣ. ಬೆಲೆ 10 ಕೋಟಿ ಡಾಲರ್. ವಿನಾಯಿತಿ ಇಲ್ಲದಿದ್ದರೆ ವರ್ಷಕ್ಕೆ 20 ಲಕ್ಷ ಡಾಲರ್ ತೆರಿಗೆ. ಈ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಅಂದುಕೊಳ್ಳಿ. ನಿಜ ಜೀವನದಲ್ಲಿ ಹಾಗಿರುವುದಿಲ್ಲ, ಆದರೆ ಹೋಲಿಕೆಗೆ ಸಾಕು.

ಅಯೋವಾದ ಹಳೆಯ ಕಾನೂನು ಎಲ್ಲಕ್ಕಿಂತ ಗಿಡ್ಡದು. ನಗರವೋ ಕೌಂಟಿಯೋ ಮನಸ್ಸು ಮಾಡಿದರೆ ಹೊಸ ಕೈಗಾರಿಕಾ ಕಟ್ಟಡಕ್ಕೆ ಐದು ವರ್ಷ ಕ್ರಮವಾಗಿ ಶೇ 75, 60, 45, 30, 15 ಬಿಡಬಹುದು. ಎಲ್ಲ ಕೂಡಿದರೆ ಎರಡೂಕಾಲು ವರ್ಷದ ತೆರಿಗೆ, ಅಂದರೆ 45 ಲಕ್ಷ ಡಾಲರ್.

ಇಂಡಿಯಾನಾದಲ್ಲಿ ಎಷ್ಟು ವರ್ಷ, ಎಷ್ಟು ಪರ್ಸೆಂಟ್ ಅನ್ನುವುದನ್ನು ಸ್ಥಳೀಯ ಕೌನ್ಸಿಲ್ ತೀರ್ಮಾನಿಸುತ್ತದೆ. ಕಟ್ಟಡಕ್ಕೆ ಹಿಂದಿನಿಂದ ಬಂದ ಹತ್ತು ವರ್ಷದ ಪಟ್ಟಿ ಹೀಗಿದೆ: 100, 95, 80, 65, 50, 40, 30, 20, 10, 5. ಒಟ್ಟು ಸುಮಾರು ಐದು ವರ್ಷದ ತೆರಿಗೆ, 99 ಲಕ್ಷ.

ಮಿಷಿಗನ್‌ನಲ್ಲಿ 1974ರ ಕಾಯ್ದೆ 198 ಇದೆ. ಹೊಸ ಕಾರ್ಖಾನೆಗೆ ಹೆಚ್ಚೆಂದರೆ 12 ವರ್ಷ ಅರ್ಧ ತೆರಿಗೆ. ಒಟ್ಟು 1 ಕೋಟಿ 20 ಲಕ್ಷ.

ಟೆಕ್ಸಾಸ್‌ನ ತೆರಿಗೆ ಕಾನೂನಿನ 312ನೇ ಅಧ್ಯಾಯದಲ್ಲಿ ನಗರ ಮತ್ತು ಕೌಂಟಿ ಹತ್ತು ವರ್ಷದವರೆಗೆ ಪೂರ್ತಿ ಮಾಫಿ ಮಾಡಬಹುದು. ಲೆಕ್ಕಕ್ಕೆ 2 ಕೋಟಿ. ಆದರೆ ಶಾಲೆಯ ಪಾಲು ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸೌತ್ ಕೆರೊಲಿನಾದ ದಾರಿಯೇ ಬೇರೆ. ಅಲ್ಲಿನ ಸಂವಿಧಾನದ ಪ್ರಕಾರ ಕಾರ್ಖಾನೆ ಆಸ್ತಿಯ ಬೆಲೆಯಲ್ಲಿ ಶೇ 10.5 ಭಾಗದ ಮೇಲೆ ತೆರಿಗೆ ಹಾಕಬೇಕು. ಕೌಂಟಿ ಜೊತೆ 'ತೆರಿಗೆ ಬದಲು ಶುಲ್ಕ' ಅನ್ನುವ ಒಪ್ಪಂದ ಮಾಡಿಕೊಂಡರೆ ಅದು ಶೇ 6ಕ್ಕೆ ಇಳಿಯುತ್ತದೆ. ತುಂಬಾ ದೊಡ್ಡ ಹೂಡಿಕೆಯಾದರೆ ಶೇ 4. ಸಾಮಾನ್ಯವಾಗಿ 25 ಲಕ್ಷ ಡಾಲರ್ ಹೂಡಿದವರಿಗೂ ಈ ಬಾಗಿಲು ತೆರೆದಿದೆ. ಅವಧಿ ಮೂವತ್ತು ವರ್ಷ. 10.5ರಿಂದ 6ಕ್ಕೆ ಅಂದರೆ ಕೇಳಲು ಸಣ್ಣದು. ಆದರೆ ಅದು ಶೇ 43ರ ಕಡಿತ, ಅದೂ ಮೂವತ್ತು ಸಲ. ಒಟ್ಟು 2 ಕೋಟಿ 57 ಲಕ್ಷ. ಈಚೆಗೆ ಅಲ್ಲಿ ಎಲ್ಲ ಕಾರ್ಖಾನೆಗೂ 10.5ರಲ್ಲೇ ಸ್ವಲ್ಪ ರಿಯಾಯಿತಿ ಸಿಗುತ್ತಿದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

 

ಈಗ ಅಸಲಿ ಲೆಕ್ಕ. ಇವತ್ತು ಕೈಗೆ ಬರುವ ನೂರು ಡಾಲರಿಗೂ ಇಪ್ಪತ್ತು ವರ್ಷ ಬಿಟ್ಟು ಬರುವ ನೂರು ಡಾಲರಿಗೂ ಒಂದೇ ಬೆಲೆ ಇಲ್ಲ. ಆ ಬೆಲೆ ಎಷ್ಟು ಬೇಗ ಕರಗುತ್ತದೆ ಅನ್ನುವುದು ಕಂಪನಿಗೆ ಒಂದು, ಊರಿಗೆ ಒಂದು. ಕಂಪನಿ ವರ್ಷಕ್ಕೆ ಶೇ 12 ಹುಟ್ಟದ ಕಡೆ ದುಡ್ಡು ಹಾಕುವುದಿಲ್ಲ ಅಂದುಕೊಳ್ಳಿ. ಊರಿಗೆ ಶೇ 3ರ ಬಡ್ಡಿಗೆ ಸಾಲ ಸಿಗುತ್ತದೆ ಅಂದುಕೊಳ್ಳಿ. ಎತ್ತು ಏರಿಗೆ, ಕೋಣ ನೀರಿಗೆ. ಈ ಎರಡು ದರದಲ್ಲಿ ಎಲ್ಲವನ್ನೂ ಇವತ್ತಿನ ಬೆಲೆಗೆ ಇಳಿಸಿದೆ.

ಇಂಡಿಯಾನಾ ಪಟ್ಟಿ: ಕಂಪನಿಗೆ 68 ಲಕ್ಷದ ಲಾಭ, ಊರಿಗೆ 89 ಲಕ್ಷದ ಖರ್ಚು. ಸೌತ್ ಕೆರೊಲಿನಾ ಒಪ್ಪಂದ: ಕಂಪನಿಗೆ 69 ಲಕ್ಷ, ಊರಿಗೆ 1 ಕೋಟಿ 68 ಲಕ್ಷ. ನೋಡಿ, ಕಂಪನಿಗೆ ಆದ ಖುಷಿ ಒಂದೇ. ಅದಕ್ಕೆ ಊರು ತೆತ್ತದ್ದು ಮಾತ್ರ ಎಷ್ಟು ಬೇರೆ! ಹತ್ತು ವರ್ಷದ ಪೂರ್ತಿ ಮಾಫಿಯಲ್ಲಿ ಕಂಪನಿಗೆ 1 ಕೋಟಿ 13 ಲಕ್ಷ, ಊರಿಗೆ 1 ಕೋಟಿ 71 ಲಕ್ಷ. ಮಿಷಿಗನ್‌ನ ಅರ್ಧ ತೆರಿಗೆಯಲ್ಲಿ 62 ಲಕ್ಷ ಮತ್ತು ಒಂದು ಕೋಟಿಗೆ ಸ್ವಲ್ಪ ಕಡಿಮೆ. ಅಯೋವಾದಲ್ಲಿ 35 ಮತ್ತು 42 ಲಕ್ಷ. ಅಂದರೆ ಊರು ಬಿಟ್ಟ ಒಂದು ಡಾಲರಿನಲ್ಲಿ ಕಂಪನಿಗೆ ಮುಟ್ಟಿದ್ದು ಅಯೋವಾದಲ್ಲಿ 83 ಸೆಂಟ್, ಇಂಡಿಯಾನಾದಲ್ಲಿ 76, ಸೌತ್ ಕೆರೊಲಿನಾದಲ್ಲಿ 41.

ದರವನ್ನು ಸ್ವಲ್ಪ ಆ ಕಡೆ ಈ ಕಡೆ ಮಾಡಿದರೂ ಈ ಸಾಲು ಬದಲಾಗುವುದಿಲ್ಲ. ಮುಂದೆ ತಳ್ಳಿದಷ್ಟೂ ಊರಿಗೆ ನಷ್ಟ, ಕಂಪನಿಗೆ ನಿರಾಸಕ್ತಿ. ಹಾಗಿದ್ದರೂ ಉದ್ದದ ಒಪ್ಪಂದಗಳು ಯಾಕೆ ಇಷ್ಟು ಜನಪ್ರಿಯ? ಇವತ್ತು ಸಹಿ ಹಾಕಿ ಫೋಟೋ ತೆಗೆಸಿಕೊಂಡವರು ಇಪ್ಪತ್ತೈದನೇ ವರ್ಷಕ್ಕೆ ಆ ಕುರ್ಚಿಯಲ್ಲಿ ಇರುವುದಿಲ್ಲ. ನನಗೆ ತೋಚುವ ಕಾರಣ ಇದೇ. ಸೌತ್ ಕೆರೊಲಿನಾದ ಪರವಾಗಿ ಒಂದು ಮಾತು ಹೇಳಲೇಬೇಕು: ಅಲ್ಲಿ ತೆರಿಗೆ ದರವನ್ನೂ ಗಟ್ಟಿಯಾಗಿ ಕಟ್ಟಿಹಾಕಬಹುದು. ನಾಳೆ ದರ ಏರೀತು ಅನ್ನುವ ಭಯ ಕಂಪನಿಗೆ ಇರುವುದಿಲ್ಲ. ಆ ನೆಮ್ಮದಿಗೂ ಒಂದು ಬೆಲೆ ಇದೆ, ಅದು ನನ್ನ ಲೆಕ್ಕದಲ್ಲಿ ಸೇರಿಲ್ಲ.

ಕಟ್ಟಡವೋ, ಯಂತ್ರವೋ

ಪರ್ಸೆಂಟ್ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಟ್ಟಡದ ಬೆಲೆ ನಿಧಾನಕ್ಕೆ ಬದಲಾಗುತ್ತದೆ. ವಿನಾಯಿತಿ ಮುಗಿದ ಮೇಲೂ ಊರಿಗೆ ತೆರಿಗೆ ಬರುತ್ತದೆ. ಯಂತ್ರ ಹಾಗಲ್ಲ. ವರ್ಷ ವರ್ಷ ಸವಕಳಿ ಕಳೆದು ಹತ್ತು ವರ್ಷದಲ್ಲಿ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ತಳ ಮುಟ್ಟಿರುತ್ತದೆ. ಯಂತ್ರಕ್ಕೆ ಹತ್ತು ವರ್ಷ ಪೂರ್ತಿ ಮಾಫಿ ಕೊಟ್ಟರೆ, ಹನ್ನೊಂದನೇ ವರ್ಷ ತೆರಿಗೆ ಹಾಕಲು ಹೆಚ್ಚೇನೂ ಉಳಿದಿರುವುದಿಲ್ಲ. ಅಷ್ಟರಲ್ಲಿ ಕಂಪನಿ ಹೊಸ ಯಂತ್ರ ತಂದು ಮತ್ತೆ ಹೊಸ ಅರ್ಜಿ ಹಾಕಿರುತ್ತದೆ. ಓಹಾಯೊದಂಥ ರಾಜ್ಯಗಳು ಕಾರ್ಖಾನೆಯ ಯಂತ್ರದ ಮೇಲಿನ ತೆರಿಗೆಯನ್ನೇ ತೆಗೆದುಹಾಕಿವೆ. ಅಲ್ಲಿ ಮಾತುಕತೆ ಕಟ್ಟಡದ ಬಗ್ಗೆ ಮಾತ್ರ.

ಯಾರ ದುಡ್ಡು, ಯಾರ ಸಹಿ

ಲೂಸಿಯಾನಾದ ಕಥೆ ಕೇಳಿ. ಅಲ್ಲಿ 1936ರಿಂದ ಕೈಗಾರಿಕೆಗೆ ಆಸ್ತಿ ತೆರಿಗೆ ವಿನಾಯಿತಿ ಇದೆ. ತೆರಿಗೆ ಸ್ಥಳೀಯರದು. ಶಾಲೆಯದು, ಪೊಲೀಸರದು, ಪ್ಯಾರಿಷ್‌ನದು, ಅಂದರೆ ಅಲ್ಲಿನ ಕೌಂಟಿಯದು. ಆದರೆ ಬಿಡುತ್ತಿದ್ದದ್ದು ರಾಜ್ಯದ ಒಂದು ಮಂಡಳಿ. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ. 2016ರಲ್ಲಿ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಹೊರಡಿಸಿದ ಆದೇಶದಿಂದ ಮೊದಲ ಸಲ ಸ್ಥಳೀಯ ಸಂಸ್ಥೆಗಳ ಒಪ್ಪಿಗೆ ಬೇಕಾಯಿತು, ಉದ್ಯೋಗದ ಷರತ್ತೂ ಬಂತು. ಆಮೇಲೆ ಪೂರ್ತಿ ಮಾಫಿ ಶೇ 80ಕ್ಕೆ ಇಳಿಯಿತು. 2019ರ ಜನವರಿಯಲ್ಲಿ ಈಸ್ಟ್ ಬ್ಯಾಟನ್ ರೂಜ್ ಶಾಲಾ ಮಂಡಳಿ ಎಕ್ಸಾನ್‌ಮೊಬಿಲ್‌ನ ಅರ್ಜಿಯೊಂದಕ್ಕೆ ಆಗುವುದಿಲ್ಲ ಅಂದುಬಿಟ್ಟಿತು. ಕೇಳಿದರೆ ತಾನೇ ಇಲ್ಲ ಅನ್ನಲು ಆಗುವುದು! ಮುಂದೆ ಗವರ್ನರ್ ಬದಲಾದರು. 2024ರಲ್ಲಿ ಜೆಫ್ ಲ್ಯಾಂಡ್ರಿ ಉದ್ಯೋಗದ ಷರತ್ತನ್ನು ತೆಗೆದರು.

ಟೆಕ್ಸಾಸ್ ಈ ಗೊಂದಲವನ್ನು ಬೇರೆ ರೀತಿ ಬಗೆಹರಿಸಿತು. 2001ರಿಂದ ಶಾಲಾ ಜಿಲ್ಲೆಗಳು 312ರಲ್ಲಿ ವಿನಾಯಿತಿ ಕೊಡುವಂತಿಲ್ಲ. ಶಾಲೆ ತೆರಿಗೆಗೆ 313 ಅಂತ ಬೇರೆ ಅಧ್ಯಾಯ ಬಂತು. ಅದು 2022ರ ಡಿಸೆಂಬರ್ 31ಕ್ಕೆ ಮುಗಿಯಿತು. ಬದಲಿಗೆ 2023ರಲ್ಲಿ 'ಜೆಟಿ' ಅನ್ನುವ ಹೊಸ ಕಾನೂನು: ಶಾಲೆಯ ನಿರ್ವಹಣಾ ತೆರಿಗೆಯಲ್ಲಿ ಹತ್ತು ವರ್ಷ ಅರ್ಧ ಕಡಿತ, ಹಿಂದುಳಿದ ಪ್ರದೇಶ ಅಂತ ಗುರುತಿಸಿದ ಕಡೆ ಶೇ 75. ಶಾಲೆಗೆ ಆಗುವ ಖೋತಾವನ್ನು ರಾಜ್ಯದ ಶಾಲಾ ಅನುದಾನದ ಸೂತ್ರ ತುಂಬಿಕೊಡುತ್ತದೆ. ಹಾಗಾದರೆ ದುಡ್ಡು ಎಲ್ಲಿಂದ? ಇಡೀ ರಾಜ್ಯದ ತೆರಿಗೆದಾರರಿಂದ. ಊರಿನವರಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಬೇಡ ಅನ್ನುವವರೂ ಕಡಿಮೆ.

ನನ್ನ ಕೇಳಿದರೆ ಯಾರ ಪಾಲು ಹೋಗುತ್ತದೋ ಅವರ ಸಹಿ ಇರುವ ನಿಯಮವೇ ಮೇಲು. ತಡ ಆಗುತ್ತದೆ, ಜಗಳ ಆಗುತ್ತದೆ. ಆಗಲಿ.

ಬಿಡುವ ಬದಲು ವಸೂಲಿ ಮಾಡಿ ಅಲ್ಲೇ ಖರ್ಚು ಮಾಡುವುದು

ಇದಕ್ಕೆ ಟಿಫ್ ಅನ್ನುತ್ತಾರೆ. ಕಂಪನಿ ತೆರಿಗೆ ಪೂರ್ತಿ ಕಟ್ಟುತ್ತದೆ. ಆದರೆ ಹೊಸದಾಗಿ ಹುಟ್ಟಿದ ತೆರಿಗೆ ಬೇರೆ ಡಬ್ಬಿಗೆ ಹೋಗುತ್ತದೆ. ಆ ಡಬ್ಬಿಯಿಂದ ಅದೇ ಜಾಗದ ರಸ್ತೆ, ನೀರಿನ ಪೈಪು, ಜಾಗ ಕೊಂಡ ಸಾಲ ತೀರುತ್ತದೆ. ಕಂಪನಿ ಓಡಿಹೋದರೂ ರಸ್ತೆ ಊರಲ್ಲೇ ಉಳಿಯುತ್ತದೆ. ಇದು ದೊಡ್ಡ ಅನುಕೂಲ. ಅಪಾಯ ಎಲ್ಲಿ ಅಂದರೆ ಸಾಲ ಮೊದಲು, ಕಾರ್ಖಾನೆ ಆಮೇಲೆ.

ವಿಸ್ಕಾನ್ಸಿನ್‌ನ ಮೌಂಟ್ ಪ್ಲೆಸೆಂಟ್‌ನಲ್ಲಿ ಆದದ್ದು ಇದೇ. 2017ರಲ್ಲಿ ಫಾಕ್ಸ್‌ಕಾನ್ 1,000 ಕೋಟಿ ಡಾಲರ್ ಹೂಡಿಕೆ, 13,000 ಕೆಲಸ ಅಂತ ಹೇಳಿತು. ಸ್ಥಳೀಯ ಸರ್ಕಾರ ಸಾಲ ಮಾಡಿ ಜಾಗ ಕೊಂಡಿತು, ರಸ್ತೆ ಅಗಲ ಮಾಡಿತು. 2021ರಲ್ಲಿ ರಾಜ್ಯದ ಜೊತೆಗಿನ ಒಪ್ಪಂದ ತಿದ್ದುವ ಹೊತ್ತಿಗೆ ಹೂಡಿಕೆ 67.2 ಕೋಟಿ ಡಾಲರ್‌ಗೆ, ಕೆಲಸ 1,454ಕ್ಕೆ ಬಂದು ನಿಂತಿತ್ತು. ಆದರೂ ಊರು ಮುಳುಗಲಿಲ್ಲ. ಒಪ್ಪಂದದಲ್ಲಿದ್ದ ಒಂದು ಸಾಲು ಕಾಪಾಡಿತು: ಕಟ್ಟಲಿ, ಬಿಡಲಿ, ಆಸ್ತಿಯ ಬೆಲೆ ಕನಿಷ್ಠ 140 ಕೋಟಿ ಡಾಲರ್ ಅಂತಲೇ ತೆರಿಗೆ ಕಟ್ಟಬೇಕು. ಯಾವ ವಕೀಲರು ಬರೆದರೋ, ಅವರಿಗೆ ಒಂದು ನಮಸ್ಕಾರ. ಮುಂದೆ 2023ರಿಂದ ಅದೇ ಪ್ರದೇಶದಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರಿಗೆ ಜಾಗ ಕೊಂಡಿತು.

ಟಿಫ್ ಶುರುವಾದದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆ ಡಬ್ಬಿ ದೊಡ್ಡದಾಗುತ್ತಾ ಹೋದಂತೆ ಶಾಲೆ, ಕೌಂಟಿಗಳ ಪಾಲು ಕರಗತೊಡಗಿತು. 2012ರಲ್ಲಿ ಆ ರಾಜ್ಯ ತನ್ನ ಮರು ಅಭಿವೃದ್ಧಿ ಸಂಸ್ಥೆಗಳನ್ನೇ ಮುಚ್ಚಿತು.

ಮಾತು ತಪ್ಪಿದರೆ?

ಮೊದಲ ವರ್ಷಗಳಲ್ಲಿ ಜಾಸ್ತಿ ಕೊಡುವುದು ಅಗ್ಗ ಅಂತ ಮೇಲೆ ಹೇಳಿದೆ. ಅದರಲ್ಲಿ ಒಂದು ತೊಡಕು ಇದೆ. ಮೊದಲೇ ಕೊಟ್ಟರೆ ತಿಂದು ಕೈ ತೊಳೆದುಕೊಂಡು ಹೋಗುವುದೂ ಸುಲಭ. ಮೂವತ್ತು ವರ್ಷದ ಒಪ್ಪಂದದಲ್ಲಿ ಕಂಪನಿ ಹನ್ನೆರಡನೇ ವರ್ಷ ಹೊರಟರೆ ಉಳಿದ ಹದಿನೆಂಟು ವರ್ಷದ ರಿಯಾಯಿತಿ ಅದರ ಕೈಗೆ ಸಿಗುವುದಿಲ್ಲ. ಹಾಗಾಗಿ ಗಿಡ್ಡ ವಿನಾಯಿತಿ ಆರಿಸಿಕೊಂಡ ಊರಿಗೆ ವಾಪಸ್ ವಸೂಲಿಯ ಷರತ್ತು ಬೇಕೇ ಬೇಕು. ಅದು ಬಾಯಿಮಾತಲ್ಲಿ ಇದ್ದರೆ ಪ್ರಯೋಜನ ಇಲ್ಲ.

ಮಿಷಿಗನ್‌ನ ಇಪ್ಸಿಲಾಂಟಿ ಟೌನ್‌ಶಿಪ್ ಇದನ್ನು ಕಹಿಯಾಗಿ ಕಲಿಯಿತು. ಅಲ್ಲಿನ ವಿಲ್ಲೋ ರನ್ ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಬಾಂಬರ್ ವಿಮಾನ ಕಟ್ಟಿದ ಜಾಗ. ಆಮೇಲೆ ಜನರಲ್ ಮೋಟಾರ್ಸ್ ಕೈಗೆ ಬಂತು. ಕಾಯ್ದೆ 198ರ ಅಡಿಯಲ್ಲಿ ಟೌನ್‌ಶಿಪ್ ಒಂದಕ್ಕಿಂತ ಹೆಚ್ಚು ಸಲ ತೆರಿಗೆ ಬಿಟ್ಟಿತು. ಮಾರುಕಟ್ಟೆ ಚೆನ್ನಾಗಿದ್ದರೆ ಕೆಲಸ ಮುಂದುವರಿಯುತ್ತದೆ ಅನ್ನುವ ಅರ್ಥದ ಮಾತುಗಳನ್ನು ಕಂಪನಿಯವರು ಆಡಿದ್ದರು. 1992ರಲ್ಲಿ ಕಾರು ಜೋಡಣೆಯನ್ನು ಟೆಕ್ಸಾಸ್‌ನ ಆರ್ಲಿಂಗ್ಟನ್‌ಗೆ ಸಾಗಿಸುವ ಸುದ್ದಿ ಬಂತು. ಟೌನ್‌ಶಿಪ್ ಕೋರ್ಟಿಗೆ ಹೋಯಿತು. 1993ರ ಫೆಬ್ರವರಿಯಲ್ಲಿ ಕೆಳಗಿನ ಕೋರ್ಟಿನ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್ ಊರಿನ ಪರ ತೀರ್ಪು ಕೊಟ್ಟರು. ಅದೇ ವರ್ಷ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ವಿನಾಯಿತಿ ಕೇಳಲು ಬಂದ ಕಂಪನಿ ಕೆಲಸದ ಬಗ್ಗೆ ಚೆಂದದ ಮಾತಾಡುವುದು ಸಹಜ, ಅದು ವಚನ ಆಗುವುದಿಲ್ಲ ಅನ್ನುವುದು ಅದರ ನಿಲುವು. ಮೂಗಿಗೆ ತುಪ್ಪ ಸವರಿದ್ದು ಅಪರಾಧ ಅಲ್ಲ ಅಂದ ಹಾಗೆ. ಈಗ ಮಿಷಿಗನ್‌ನಲ್ಲಿ ವಿನಾಯಿತಿಗೆ ಲಿಖಿತ ಒಪ್ಪಂದ ಕಡ್ಡಾಯ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.

ಟೆಕ್ಸಾಸ್‌ನ 312ರಲ್ಲಿ ಕಟ್ಟುತ್ತೇನೆ ಅಂದದ್ದನ್ನು ಕಟ್ಟದಿದ್ದರೆ ಬಿಟ್ಟ ತೆರಿಗೆ ವಾಪಸ್ ಪಡೆಯುವ ಷರತ್ತು ಒಪ್ಪಂದದಲ್ಲಿ ಇರಲೇಬೇಕು. ಗಮನಿಸಿ, ಅದು ಕಟ್ಟಡಕ್ಕೆ. ಕೆಲಸದ ಸಂಖ್ಯೆಗೂ ಅದೇ ಷರತ್ತು ಬೇಕಾದರೆ ಊರೇ ಬರೆದು ಸೇರಿಸಬೇಕು.

ಈ ವಿಷಯದಲ್ಲಿ ನನಗೆ ಇಷ್ಟವಾದದ್ದು ಇಂಡಿಯಾನಾದ ಎರಡು ಫಾರಂ. ಅರ್ಜಿ ಹಾಕುವಾಗ ಕಂಪನಿ ಎಸ್‌ಬಿ-1 ತುಂಬಬೇಕು: ಈಗ ಎಷ್ಟು ಕೆಲಸಗಾರರು, ಎಷ್ಟು ಮಂದಿ ಉಳಿಯುತ್ತಾರೆ, ಎಷ್ಟು ಹೊಸಬರು, ಒಟ್ಟು ಸಂಬಳ ಎಷ್ಟು, ಹೂಡಿಕೆ ಎಷ್ಟು. ಆಮೇಲೆ ಪ್ರತಿ ವರ್ಷ ಸಿಎಫ್-1. ಅದರಲ್ಲಿ ಪಕ್ಕ ಪಕ್ಕ ಎರಡು ಕಾಲಂ. ಒಂದು ಕಡೆ ಎಸ್‌ಬಿ-1ರಲ್ಲಿ ಹೇಳಿದ್ದು, ಇನ್ನೊಂದು ಕಡೆ ನಿಜವಾಗಿ ಆದದ್ದು. 120 ಹೊಸ ಕೆಲಸ ಅಂದಿದ್ದಿರಿ, ಆಗಿರುವುದು 31. ಎರಡೂ ಸಂಖ್ಯೆ ಒಂದೇ ಸಾಲಿನಲ್ಲಿ. ಲೆಕ್ಕಪತ್ರ ಓದಲು ಬಾರದವರಿಗೂ ಅರ್ಥ ಆಗುತ್ತದೆ. ಕೈಮೀರಿದ ಕಾರಣ ಇಲ್ಲದೆ ಹೀಗಾಗಿದ್ದರೆ ಕೌನ್ಸಿಲ್ ಮುಂದಿನ ವರ್ಷಗಳ ವಿನಾಯಿತಿ ನಿಲ್ಲಿಸಬಹುದು. ನಿಲ್ಲಿಸುವ ಧೈರ್ಯ ಇದೆಯೋ ಇಲ್ಲವೋ, ಅದು ಬೇರೆ ಮಾತು.

ಎಲ್ಲ ರಾಜ್ಯಕ್ಕೂ ಅನ್ವಯಿಸುವ ಇನ್ನೊಂದು ಕಾಗದ ಇದೆ. ಸರ್ಕಾರಿ ಲೆಕ್ಕಪತ್ರದ ಮಾನದಂಡ ಮಂಡಳಿ 2015ರಲ್ಲಿ 77ನೇ ನಿಯಮ ತಂದಿತು. ಅದನ್ನು ಪಾಲಿಸುವ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ ಎಷ್ಟು ತೆರಿಗೆ ಬಿಟ್ಟಿದ್ದೇವೆ ಅಂತ ವಾರ್ಷಿಕ ಲೆಕ್ಕದ ಟಿಪ್ಪಣಿಯಲ್ಲಿ ಬರೆಯಬೇಕು. ನಿಮ್ಮ ಶಾಲಾ ಜಿಲ್ಲೆಯ ವರದಿಯಲ್ಲಿ ಹುಡುಕಿ. ಬೇರೆಯವರು ಸಹಿ ಹಾಕಿ ಬಿಟ್ಟ ಶಾಲೆಯ ಪಾಲೂ ಅಲ್ಲಿ ಸಿಗುತ್ತದೆ.

ಹಾಗಾದರೆ ಯಾವುದು

ಕಂಪನಿ ಹೇಗಿದ್ದರೂ ಬರುತ್ತಿತ್ತಾ? ಈ ಪ್ರಶ್ನೆಗೆ ಖಚಿತ ಉತ್ತರ ಯಾರಲ್ಲೂ ಇರುವುದಿಲ್ಲ. ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ 2018ರಲ್ಲಿ ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರಿಯಾಯಿತಿ ಪಡೆದ ನೂರು ಕಂಪನಿಗಳಲ್ಲಿ ಅದರಿಂದಲೇ ಮನಸ್ಸು ಬದಲಿಸಿದವು 2ರಿಂದ 25 ಅಂತ ಅಂದಾಜು ಮಾಡಿದರು. ಉಳಿದವು ಹೇಗೂ ಬರುತ್ತಿದ್ದವು. ಹಾಗಾಗಿ ಸುಮ್ನೆ ಕೊಟ್ಟಂತೆ ಆಗುವ ಸಾಧ್ಯತೆಯೇ ಜಾಸ್ತಿ ಅಂದುಕೊಂಡು ಶುರು ಮಾಡುವುದು ಕ್ಷೇಮ.

ಕೆಲಸ ಜಾಸ್ತಿ ಕೊಡುವ, ಮಧ್ಯಮ ಗಾತ್ರದ ಕಾರ್ಖಾನೆ ಆದರೆ ನಾನು ಇಂಡಿಯಾನಾ ಮಾದರಿಯ ಇಳಿಯುವ ಪಟ್ಟಿಯನ್ನೇ ಆರಿಸುತ್ತೇನೆ, ಅದೂ ಐದೋ ಏಳೋ ವರ್ಷಕ್ಕೆ. ಕಟ್ಟಡಕ್ಕೆ ಒಂದು ಪಟ್ಟಿ, ಯಂತ್ರಕ್ಕೆ ಇನ್ನೂ ಗಿಡ್ಡ ಪಟ್ಟಿ. ಕೆಲಸದ ಸಂಖ್ಯೆ ಕಡಿಮೆಯಾದರೆ ಅಷ್ಟೇ ಪ್ರಮಾಣದಲ್ಲಿ ವಾಪಸ್. ರಸ್ತೆ, ನೀರು ಇಲ್ಲದ ಬಯಲಾದರೆ ಟಿಫ್, ಆದರೆ ಮೌಂಟ್ ಪ್ಲೆಸೆಂಟ್‌ನ ಆ ಕನಿಷ್ಠ ಬೆಲೆಯ ಸಾಲು ಇಲ್ಲದೆ ಒಂದು ಡಾಲರ್ ಸಾಲವೂ ಬೇಡ. ಚಿಕ್ಕ ಕಂಪನಿಗಳಿಗೆ ಅಯೋವಾ ತರಹದ್ದು ಸಾಕು. ಎಲ್ಲರಿಗೂ ಒಂದೇ ಪಟ್ಟಿ, ಚೌಕಾಸಿ ಇಲ್ಲ, ವಕೀಲರ ಖರ್ಚೂ ಕಡಿಮೆ.

ಡೇಟಾ ಸೆಂಟರ್ ಬಂದರೆ ಮಾತ್ರ ಈ ಯಾವ ಪಟ್ಟಿಯೂ ಸರಿಹೋಗುವುದಿಲ್ಲ. ಅಲ್ಲಿ ಹಣವೆಲ್ಲ ಯಂತ್ರದಲ್ಲಿ, ಕೆಲಸ ಬೆರಳೆಣಿಕೆಯಷ್ಟು, ಸರ್ವರ್‌ಗಳು ಕೆಲವೇ ವರ್ಷಕ್ಕೊಮ್ಮೆ ಬದಲಾಗುತ್ತವೆ. ಬಿಟ್ಟ ತೆರಿಗೆಯನ್ನು ಕೆಲಸದ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಕೆಲಸಕ್ಕೆ ಬೀಳುವ ಮೊತ್ತ ನೋಡಿ ತಲೆ ತಿರುಗುತ್ತದೆ. ಅಂಥವರ ಜೊತೆ ಪರ್ಸೆಂಟ್ ಮಾತಾಡುವ ಬದಲು ವರ್ಷಕ್ಕೆ ಇಷ್ಟು ಡಾಲರ್, ಯಂತ್ರದ ಬೆಲೆ ಏನೇ ಇರಲಿ, ಅಂತ ನಿಗದಿಯಾದ ಮೊತ್ತ ಬರೆಸಿಕೊಳ್ಳಬೇಕು. ಅದರಲ್ಲಿ ಶಾಲೆಯ ಪಾಲು ಎಷ್ಟು ಅನ್ನುವುದನ್ನೂ ಅದೇ ಪುಟದಲ್ಲಿ ಬರೆಸಬೇಕು.